ಹೊಲಿಗೆ ಎಣಿಸುವವರು, ಬಟ್ಟೆ ಬರೆದವರು

ಅಮೆರಿಕದ ವರ್ಜೀನಿಯಾದಲ್ಲಿ ವಿಲಿಯಮ್ಸ್‌ಬರ್ಗ್ ಎಂಬ ಊರಿದೆ. 1926ರಿಂದಾಚೆಗೆ ರಾಕ್‌ಫೆಲ್ಲರ್ ಹಣದಲ್ಲಿ ಅದನ್ನು ಹದಿನೆಂಟನೆಯ ಶತಮಾನದ ರೂಪಕ್ಕೆ ಮರಳಿಸಿದರು. ಅಲ್ಲಿನ ಕಮ್ಮಾರ, ಬಡಗಿ, ದರ್ಜಿ ಎಲ್ಲರೂ ಆ ಕಾಲದ ಉಡುಪು ತೊಟ್ಟೇ ಕೆಲಸ ಮಾಡುತ್ತಾರೆ. ಅಂಥ ಉಡುಪನ್ನು ಕೈಯಲ್ಲೇ ಹೊಲಿಯುವ ಅಂಗಡಿಯೂ ಊರೊಳಗಿದೆ. ಇದಕ್ಕೆ ‘ಲಿವಿಂಗ್ ಹಿಸ್ಟರಿ’ ಎನ್ನುತ್ತಾರೆ. ಯುರೋಪು, ಅಮೆರಿಕಗಳಲ್ಲಿ ಸಾವಿರಾರು ಜನಕ್ಕೆ ಇದು ವಾರಾಂತ್ಯದ ಹವ್ಯಾಸ. ಅವರಲ್ಲಿ ಕಟ್ಟಾ ನಿಷ್ಠರಿಗೆ ‘ಥ್ರೆಡ್ ಕೌಂಟರ್’ ಎಂಬ ಅಡ್ಡಹೆಸರಿದೆ, ಅಂದರೆ ಎಳೆ ಎಣಿಸುವವರು. ನಿಮ್ಮ ಕುಪ್ಪಸದ ಒಳಮಡಿಕೆಯಲ್ಲಿ ಮೆಷಿನ್ ಹೊಲಿಗೆ ಕಂಡರೆ ಅವರು ಸುಮ್ಮನಿರುವುದಿಲ್ಲ.

ನಮ್ಮಲ್ಲಿ ವೇಷ ಕಟ್ಟುವವರಿಗೆ ಬರವಿಲ್ಲ, ಆದರೆ ಅವು ಕಥೆಯ ವೇಷಗಳು. ಯಕ್ಷಗಾನದ ಕರ್ಣ ನಿಜವಾಗಿಯೂ ಇಂಥ ಬಟ್ಟೆ ಉಟ್ಟಿದ್ದನೇ ಎಂದು ಯಾರೂ ಕೇಳುವುದಿಲ್ಲ. ಚೆನ್ನೈನಲ್ಲಿ ಜೀವಂತ ಇತಿಹಾಸ ಎಂದರೆ ಮುಟ್ಟುಕಾಡಿನ ದಕ್ಷಿಣಚಿತ್ರ. 1996ರಲ್ಲಿ ತೆರೆದ ಆ ವಸ್ತುಸಂಗ್ರಹಾಲಯದಲ್ಲಿ ನಮ್ಮ ಇಳಕಲ್ಲಿನ ನೇಕಾರರ ಮನೆಯೂ ಒಂದಿದೆ. ಅಲ್ಲಿ ಮರಳಿ ಕಟ್ಟಿರುವುದು ಮನೆಗಳನ್ನು, ಉಡುಪುಗಳನ್ನಲ್ಲ. ಹಾಗಿದ್ದೂ ವಿಲಿಯಮ್ಸ್‌ಬರ್ಗಿನ ಉಡುಪಿಗೂ ಚೆನ್ನೈಗೂ ಒಂದು ನಂಟಿದೆ. ಅಲ್ಲಿನ ಹೆಂಗಸರು ಇಂದು ತೊಡುವ ಹೂಬಳ್ಳಿಯ ಗೌನಿನ ಮೂಲ ಬಟ್ಟೆ ತಯಾರಾಗುತ್ತಿದ್ದುದು ಈ ಕರಾವಳಿಯಲ್ಲಿ.

ಆ ಬಟ್ಟೆಯ ಹೆಸರು ಚಿಂಟ್ಸ್. ಮೂಲದಲ್ಲಿ ಇದು ನಮ್ಮ ಅಜ್ಜಿಯರ ‘ಚೀಟಿ ಬಟ್ಟೆ’ಯೇ, ಹಿಂದಿಯ ‘ಛೀಂಟ್’. ಇಂಗ್ಲಿಷರು ಅದಕ್ಕೆ ಬಹುವಚನದ ‘ಸ್’ ಸೇರಿಸಿದರು, ಆಮೇಲೆ ಅದು ಬಹುವಚನ ಎಂಬುದನ್ನೇ ಮರೆತರು. ಹಾಸಿಗೆಯ ಮೇಲಿನ ದೊಡ್ಡ ಚಿತ್ರಿತ ಹೊದಿಕೆಗೆ ‘ಪ್ಯಾಲಂಪೋರ್’ ಎಂದರು. ಬಿಡಿಸಿದರೆ ಪಲಂಗ್‌ಪೋಶ್: ನಮ್ಮ ಪಲ್ಲಂಗ, ಜೊತೆಗೆ ಪಾಪೋಸಿನಲ್ಲಿರುವ ‘ಪೋಶ್’. ಇನ್ನು ಮದ್ರಾಸಿನ ಚೌಕುಳಿ ಬಟ್ಟೆ ಕರವಸ್ತ್ರವೆಂಬ ಹೆಸರಿನಲ್ಲಿ ಹಡಗು ಹತ್ತಿ, ಕೆರಿಬಿಯನ್ ದ್ವೀಪಗಳಲ್ಲಿ ಹೆಂಗಸರ ತಲೆ ಏರಿತು. ಮುಖ ಒರೆಸುವ ‘ರೂಮಾಲ್’ ಅನ್ನು ಕನ್ನಡಿಗರೂ ತಲೆಗೇ ಸುತ್ತಿಕೊಂಡರಲ್ಲ!

ಮದ್ರಾಸ್ ಹುಟ್ಟಿದ್ದೇ ಬಟ್ಟೆಗಾಗಿ. 1639ರಲ್ಲಿ ಫ್ರಾನ್ಸಿಸ್ ಡೇ ಹಡಗು ನಿಲ್ಲಲು ಸರಿಯಾದ ಜಾಗವೂ ಇಲ್ಲದ ಈ ಮರಳುದಂಡೆಯನ್ನು ಆರಿಸಿಕೊಳ್ಳಲು ಮುಖ್ಯ ಕಾರಣ ಇಲ್ಲಿ ಹತ್ತಿಬಟ್ಟೆ ಅಗ್ಗವಾಗಿ ಸಿಗುತ್ತಿದ್ದುದು. ಬಟ್ಟೆ ಒಗೆದು ಬಿಳಿ ಮಾಡುವವರು ನೆಲೆಸಿದ ಕಡೆ ವಾಷರ್‌ಮನ್‌ಪೇಟೆ ಆಯಿತು. 1734ರಲ್ಲಿ ಗವರ್ನರ್ ಜಾರ್ಜ್ ಮಾರ್ಟನ್ ಪಿಟ್, ಕೂವಂ ನದಿ ಬಳಸಿ ಹರಿಯುವ ಕಡೆ ಸುಂಕುರಾಮನೆಂಬ ವರ್ತಕನ ಕೈಲಿದ್ದ ತೋಟವನ್ನು ವಶಪಡಿಸಿಕೊಂಡು ಹೊಸ ಪೇಟೆ ಕಟ್ಟಿಸಿದ. ನೂಲುವವರು, ನೇಯುವವರು, ಬಟ್ಟೆಯ ಮೇಲೆ ಚಿತ್ರ ಬರೆಯುವವರು, ಒಗೆಯುವವರು, ಜೊತೆಗೆ ದೇವಸ್ಥಾನಕ್ಕೆ ಬೇಕಾದವರು ಮಾತ್ರ ಅಲ್ಲಿ ನೆಲೆಸಬಹುದು ಎಂಬುದು ಷರತ್ತು. ಹೆಸರು ಚಿನ್ನ ತರಿ ಪೇಟ್ಟೈ, ಚಿಕ್ಕ ಮಗ್ಗಗಳ ಪೇಟೆ. ಇಂದಿನ ಚಿಂತಾದ್ರಿಪೇಟೆ ಅದೇ.

ಆದರೆ ಬಟ್ಟೆ ಬರೆಯುವ ವಿಧಾನವನ್ನು ವಿವರವಾಗಿ ದಾಖಲಿಸಿದವನು ಇಂಗ್ಲಿಷರವನಲ್ಲ. ಪುದುಚೇರಿ ಭಾಗದಲ್ಲಿದ್ದ ಫ್ರೆಂಚ್ ಜೆಸ್ಯೂಟ್ ಪಾದ್ರಿ ಗಾಸ್ತೋಂ ಲೋರಾಂ ಕೋರ್ದೂ. ಭಾಷಾವಿಜ್ಞಾನ ಓದಿದವರಿಗೆ ಈ ಹೆಸರು ಗೊತ್ತಿರುತ್ತದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಕುಲದವು ಎಂದು ವಿಲಿಯಂ ಜೋನ್ಸ್ 1786ರಲ್ಲಿ ಹೇಳಿದ್ದು ಪ್ರಸಿದ್ಧ. ಕೋರ್ದೂ ಅದಕ್ಕೆ ಸುಮಾರು 20 ವರ್ಷ ಮೊದಲೇ ಆ ಹೋಲಿಕೆಗಳನ್ನು ಪ್ಯಾರಿಸ್ಸಿಗೆ ಬರೆದು ಕಳಿಸಿದ್ದ. ಅದು ಅಚ್ಚಾದದ್ದು 1808ರಲ್ಲಿ, ಅವನು ತೀರಿಕೊಂಡು ಸುಮಾರು 30 ವರ್ಷವಾದ ಮೇಲೆ. ತರಗತಿಯಲ್ಲಿ ನಾನು ಅವನನ್ನು ಹೀಗೆ ತಡವಾಗಿ ಬೆಳಕಿಗೆ ಬಂದವನೆಂದೇ ಓದಿದ್ದೆ. ಅದೇ ಮನುಷ್ಯ 1742ರಲ್ಲಿ ಬಟ್ಟೆಯ ಬಗ್ಗೆ ಬರೆದ ಪತ್ರ ಮಾತ್ರ ಬೇಗನೆ ಅಚ್ಚಾಯಿತು, ಯುರೋಪಿನ ಬಣ್ಣಗಾರರು ಅದನ್ನು ಕುತೂಹಲದಿಂದ ಓದಿದರು. ಭಾಷೆಗಳ ನಂಟಿಗಿಂತ ಬಣ್ಣದ ಗುಟ್ಟಿಗೆ ಗಿರಾಕಿಗಳು ಹೆಚ್ಚು.

ಅವನಿಗೆ ಗುಟ್ಟು ಹೇಳಿದವರು ಅವನಿಂದಲೇ ಮತಾಂತರಗೊಂಡ ಚಿತ್ರಗಾರರು. ಯಾರ ಹೆಸರನ್ನೂ ಪಾದ್ರಿ ಬರೆದಿಲ್ಲ. ವಿಧಾನ ಮಾತ್ರ ಹಂತಹಂತವಾಗಿದೆ. ಬಟ್ಟೆಯನ್ನು ಅಳಲೆಕಾಯಿಯ ಪುಡಿ ಕಲಸಿದ ಎಮ್ಮೆಹಾಲಿನಲ್ಲಿ ಅದ್ದಬೇಕು. ಹಾಲಿನ ಜಿಡ್ಡಿನಿಂದ ಬಣ್ಣ ಹರಡುವುದಿಲ್ಲ, ಅಳಲೆಯ ಒಗರು ಬಣ್ಣವನ್ನು ಹಿಡಿಯುತ್ತದೆ. ಒಣಗಿಸಿ, ಮರದ ಕೊಡತಿಯಿಂದ ಬಡಿದು ನಯ ಮಾಡಬೇಕು. ಕಬ್ಬಿಣದ ಚೂರುಗಳನ್ನು ಹುಳಿ ನೀರಿನಲ್ಲಿ ನೆನೆಯಿಟ್ಟ ದ್ರವದಿಂದ ಕಪ್ಪು ಗೆರೆ ಎಳೆಯಬೇಕು. ಕೆಂಪು ಬೇಕಾದ ಕಡೆ ಬಳಿಯುವುದು ಕೆಂಪನ್ನಲ್ಲ, ಪಟಿಕದ ನೀರನ್ನು. ಆಮೇಲೆ ಇಡೀ ಬಟ್ಟೆಯನ್ನು ಚಾಯಬೇರಿನ ಕಷಾಯದಲ್ಲಿ ಕುದಿಸಿದರೆ ಪಟಿಕ ತಾಗಿದಲ್ಲಿ ಮಾತ್ರ ಕೆಂಪು ನಿಲ್ಲುತ್ತದೆ. ಈ ಬೇರು ಕರಾವಳಿಯ ಮರಳಿನಲ್ಲಿ ಬೆಳೆಯುವ ಪುಟ್ಟ ಗಿಡದ್ದು. ನೀಲಿಗೆ ಇನ್ನೊಂದು ದಾರಿ: ನೀಲಿ ಬೇಕಾದ ಜಾಗ ಬಿಟ್ಟು ಉಳಿದೆಲ್ಲ ಕಡೆ ಮೇಣ ಬಳಿದು, ಬಟ್ಟೆಯನ್ನೇ ನೀಲಿಯ ತೊಟ್ಟಿಗೆ ಇಳಿಸುವುದು. ಹಸಿರು ಬೇಕಾದರೆ ನೀಲಿಯ ಮೇಲೆ ಕೊನೆಗೆ ಹಳದಿ ಎಳೆಯುವುದು. ಹಂತಹಂತಕ್ಕೂ ಒಗೆತ, ಬಿಸಿಲು.

ಈಗ ಎಳೆ ಎಣಿಸುವವರ ಲೆಕ್ಕಕ್ಕೆ ಬರೋಣ. ಹದಿನೆಂಟನೆಯ ಶತಮಾನದಲ್ಲಿ ಒಂದು ಗೌನಿನ ಬೆಲೆಯಲ್ಲಿ ಬಹುಪಾಲು ಬಟ್ಟೆಯದ್ದು, ಹೊಲಿಗೆಯದ್ದು ಸಣ್ಣ ಪಾಲು. ಬಟ್ಟೆ ಕತ್ತರಿಸಿ ಹಾಳು ಮಾಡಬಾರದೆಂದು ನೆರಿಗೆ ಹಿಡಿದು ಮೈಗೆ ಕೂರಿಸುತ್ತಿದ್ದರು. ನಾಲ್ಕಾರು ವರ್ಷದ ನಂತರ ಬಿಚ್ಚಿ ಹೊಸ ಮಾದರಿಗೆ ಹೊಲಿಯಬಹುದಿತ್ತು. ಹೊಲಿಗೆ ದೂರದೂರ ಇದ್ದರೂ ನಡೆಯುತ್ತಿತ್ತು. ಇಂದಿನ ಪ್ರತಿಕೃತಿಯಲ್ಲಿ ಇದು ತಲೆಕೆಳಗಾಗಿದೆ. ಬಟ್ಟೆ ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ಅಚ್ಚು ಹಾಕಿದ್ದು, ಅಗ್ಗ. ಕೈಹೊಲಿಗೆಗೆ ದುಬಾರಿ ಕೂಲಿ. ‘ಕೈಯಿಂದ ಮಾಡಿದ್ದು’ ಎಂಬ ಚೀಟಿ ಸೂಜಿಯ ಕೈಗೆ ಸಲ್ಲುತ್ತದೆ. ಮೂಲ ಉಡುಪಿನಲ್ಲಿ ವಾರಗಟ್ಟಲೆ ದುಡಿದಿದ್ದ ಕೈ ಬೇರೆಯದು, ಅದು ಇಲ್ಲಿ ಲೆಕ್ಕಕ್ಕೇ ಬಂದಿಲ್ಲ. ವೇಷ ಕಟ್ಟುವವರನ್ನು ಹಂಗಿಸಲು ಈ ಮಾತು ಹೇಳುತ್ತಿಲ್ಲ. ಕೊಳ್ಳಬೇಕೆಂದರೂ ಅಂಥ ಬಟ್ಟೆ ಅವರಿಗೆ ಎಲ್ಲಿ ಸಿಗಬೇಕು?

ಇನ್ನೊಂದು ತೊಡಕಿದೆ. ಕೊನೆಗೆ ಎಳೆದ ಹಳದಿ ಗಟ್ಟಿ ಬಣ್ಣವಲ್ಲ, ಮೊದಲು ಹೋಗುವುದು ಅದೇ. ಹಾಗಾಗಿ ವಸ್ತುಸಂಗ್ರಹಾಲಯಗಳಲ್ಲಿರುವ ಹಳೆಯ ಚಿಂಟ್ಸ್‌ನಲ್ಲಿ ಎಲೆಗಳೆಲ್ಲ ನೀಲಿ. ಅದನ್ನು ನೋಡಿ ನಕಲು ಮಾಡಿದವರು ಎಲೆಗಳನ್ನು ನೀಲಿಯಾಗೇ ಅಚ್ಚು ಹಾಕಿಸುತ್ತಾರೆ. 1740ರ ಹೆಂಗಸೊಬ್ಬಳು ಹೊಸದಾಗಿ ತೊಟ್ಟದ್ದು ಹಸಿರೆಲೆಯ ಗೌನು. ಅವಳ ವೇಷ ಹಾಕಿದವರು ತೊಟ್ಟದ್ದು ಸುಮಾರು 280 ವರ್ಷ ಮಾಸಿದ ಗೌನು.

ಅದೇ ಹೆಂಗಸು ಲಂಡನ್ನಿನವಳಾಗಿದ್ದರೆ ಆ ಗೌನು ಅಪರಾಧ. ಫ್ರಾನ್ಸ್ 1686ರಿಂದ 1759ರವರೆಗೆ ಇಂಥ ಬಟ್ಟೆಯನ್ನು ನಿಷೇಧಿಸಿತ್ತು. ಇಂಗ್ಲೆಂಡ್ 1701ರಲ್ಲಿ ಆಮದಿಗೆ ತಡೆ ಹಾಕಿತು, 1721ರ ಕಾಯ್ದೆಯಲ್ಲಿ ಬಣ್ಣದ ಹತ್ತಿಬಟ್ಟೆ ತೊಡುವುದನ್ನೇ ತಡೆಯಿತು. 1719ರಲ್ಲಿ ಸ್ಪಿಟಲ್‌ಫೀಲ್ಡ್ಸ್‌ನ ನೇಕಾರರು ಬೀದಿಯಲ್ಲಿ ಹೆಂಗಸರ ಮೈಮೇಲಿನ ಚಿಂಟ್ಸನ್ನು ಹರಿದು ಹಾಕಿದ್ದೂ ಉಂಟು. ಆಮೇಲೆ ಅಲ್ಲಿ ಯಂತ್ರ ಬಂತು, ಅಚ್ಚು ಬಂತು. 1868ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞರು ಬೇರಿನ ಕೆಂಪನ್ನು ಪ್ರಯೋಗಾಲಯದಲ್ಲೇ ತಯಾರಿಸಿದ ಮೇಲೆ ಚಾಯಬೇರು ಅಗೆಯುವವರಿಗೂ ಕೆಲಸ ಇಲ್ಲದಾಯಿತು.

ಕಲಮು ಹಿಡಿದು ಬರೆಯುವ ವಿದ್ಯೆ ಪೂರ್ತಿ ಸಾಯಲಿಲ್ಲ. ಚೆನ್ನೈನಿಂದ ನೂರು ಚಿಲ್ಲರೆ ಕಿಲೋಮೀಟರ್ ದೂರದ ಶ್ರೀಕಾಳಹಸ್ತಿಯಲ್ಲಿ ದೇವಸ್ಥಾನದ ಪರದೆಗಳ ರೂಪದಲ್ಲಿ ಅದು ಉಸಿರು ಹಿಡಿದಿತ್ತು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರ ಪ್ರಯತ್ನದಿಂದ 1950ರ ದಶಕದ ಕೊನೆಯಲ್ಲಿ ಅಲ್ಲಿ ತರಬೇತಿ ಕೇಂದ್ರ ಬಂತು. ಅಳಲೆ, ಹಾಲು, ಕಬ್ಬಿಣದ ಕಪ್ಪು, ಪಟಿಕ ಎಲ್ಲ ಉಳಿದವು. ಮೇಣ ಬಳಿದು ನೀಲಿಗೆ ಅದ್ದುವ ಹಂತ ಮಾತ್ರ ಬಹುಮಟ್ಟಿಗೆ ಬಿಟ್ಟುಹೋಯಿತು. ಬೆಂಗಳೂರಿನ ಕಲಾವಿದೆ ರೇಣುಕಾ ರೆಡ್ಡಿ ವರ್ಷಗಳಿಂದ ಹೆಣಗುತ್ತಿರುವುದು ಮೇಣದ ಆ ಕೆಲಸವೂ ಸೇರಿದಂತೆ ಹಳೆಯ ಚಿಂಟ್ಸನ್ನು ಮತ್ತೆ ಕೈಯಿಂದ ಮಾಡುವುದಕ್ಕೆ. ನನ್ನ ಮಟ್ಟಿಗೆ ಪ್ರತಿಕೃತಿ ಎಂಬ ಮಾತು ಸಲ್ಲಬೇಕಾದದ್ದು ಇಂಥ ಕೆಲಸಕ್ಕೆ.

ಚಿಂತಾದ್ರಿಪೇಟೆಯ ಜೋಡಿ ಗುಡಿಗಳು ಇನ್ನೂ ಇವೆ, ಆದಿಕೇಶವ ಪೆರುಮಾಳ್ ಮತ್ತು ಆದಿಪುರೀಶ್ವರರ್. ಮೀನು ಮಾರುಕಟ್ಟೆಗೆ ಇಂದು ಆ ಪೇಟೆ ಹೆಸರುವಾಸಿ. ಕೂವಂ ಈಗಲೂ ಅದನ್ನು ಬಳಸಿಯೇ ಹರಿಯುತ್ತದೆ, ಕಪ್ಪಾಗಿ. ಕೋರ್ದೂನ ಪತ್ರ ಹಿಡಿದು ಕೂತವರಿಗೆ ಅಳಲೆಕಾಯಿ ಅಂಗಡಿಯಲ್ಲಿ ಸಿಕ್ಕೀತು, ಎಮ್ಮೆಹಾಲೂ ಸಿಕ್ಕೀತು. ಮತ್ತೆ ಮತ್ತೆ ಬರುವ ಒಗೆಯುವ ಹಂತಕ್ಕೆ ಮಾತ್ರ ಅವರು ಬಟ್ಟೆ ಹೊತ್ತು ಬೇರೆ ಊರಿಗೆ ಹೋಗಬೇಕು.