ಸ್ಟೇಷನ್‌ವರೆಗೆ ಸೈಕಲ್, ಮುಂದಕ್ಕೆ ರೈಲು: ಈ ಜೋಡಿ ಎಲ್ಲಿ ಕೂಡಿಬರುತ್ತದೆ, ಎಲ್ಲಿ ಕೈಕೊಡುತ್ತದೆ?

ಮುಂಬೈನ ಉಪನಗರಗಳಲ್ಲಿ ಬೆಳಿಗ್ಗೆ ಮನೆಮನೆಯಿಂದ ಊಟದ ಡಬ್ಬ ಸಂಗ್ರಹಿಸುವ ಡಬ್ಬಾವಾಲಾಗಳು ಅವನ್ನು ಸೈಕಲ್‌ಗೆ ನೇತುಹಾಕಿಕೊಂಡು ಹತ್ತಿರದ ಸ್ಟೇಷನ್‌ಗೆ ತರುತ್ತಾರೆ. ಡಬ್ಬಗಳು ಲೋಕಲ್ ರೈಲಿನ ಲಗೇಜ್ ಬೋಗಿ ಹತ್ತುತ್ತವೆ. ಚರ್ಚ್‌ಗೇಟ್‌ನಲ್ಲಿ ಇಳಿದ ಮೇಲೆ ಬೇರೊಂದು ಸೈಕಲ್ಲೋ ತಳ್ಳುಗಾಡಿಯೋ ಅವನ್ನು ಕಚೇರಿಗೆ ಮುಟ್ಟಿಸುತ್ತದೆ. 1890ರಲ್ಲಿ ಶುರುವಾದ ಈ ಕಸುಬನ್ನು ಮ್ಯಾನೇಜ್‌ಮೆಂಟ್ ಪಾಠದಲ್ಲಿ ಸಾಕಷ್ಟು ಹೊಗಳಿದ್ದಾಗಿದೆ. ಆದರೆ ನಗರ ಸಾರಿಗೆಗೆ ಸಂಬಂಧಪಟ್ಟ ಒಂದು ಸಂಗತಿ ಅದರಲ್ಲಿ ಅಡಗಿದೆ: ರೈಲು ಹತ್ತುವುದು ಡಬ್ಬ ಮಾತ್ರ, ಸೈಕಲ್ ಅಲ್ಲ. ಸೈಕಲ್ ಎರಡೂ ತುದಿಯಲ್ಲಿ ಕಾದು ನಿಲ್ಲುತ್ತದೆ.

ಮನೆಯಿಂದ ಸ್ಟೇಷನ್, ಸ್ಟೇಷನ್‌ನಿಂದ ಕಚೇರಿ. ಸಾರಿಗೆ ತಜ್ಞರು 'ಲಾಸ್ಟ್ ಮೈಲ್' ಎನ್ನುವ ಈ ತುಂಡು ದಾರಿಯಲ್ಲೇ ಮೆಟ್ರೊ, ಲೋಕಲ್‌ಗಳು ಪ್ರಯಾಣಿಕರನ್ನು ಕಳೆದುಕೊಳ್ಳುವುದು. ರೈಲಿಗಿಂತ ಆಟೋಗೇ ಹೆಚ್ಚು ದುಡ್ಡು ಹೋಗುತ್ತದೆಂದು ಗೊತ್ತಾದ ದಿನ ಮನುಷ್ಯ ಬೈಕ್ ಕೊಳ್ಳುತ್ತಾನೆ. ಶೇರ್ ಆಟೋಗೆ ಒಂದು ಕಡೆಗೆ 20 ರೂಪಾಯಿ ಎಂದುಕೊಂಡರೂ 25 ದಿನಕ್ಕೆ 1,000 ರೂಪಾಯಿ ಆಯಿತು. ಅದೂ ಮನೆಯ ಕಡೆಯ ತುದಿಗೆ ಮಾತ್ರ.

10 ನಿಮಿಷದ ಲೆಕ್ಕ

ಸಾಮಾನ್ಯ ನಡಿಗೆಯಲ್ಲಿ 10 ನಿಮಿಷಕ್ಕೆ ಸುಮಾರು 800 ಮೀಟರ್ ಸಾಗಬಹುದು. ಬೆವರು ಹರಿಯದಂತೆ ಗಂಟೆಗೆ 15 ಕಿ.ಮೀ. ವೇಗದಲ್ಲಿ ಸೈಕಲ್ ತುಳಿದರೆ ಅದೇ 10 ನಿಮಿಷದಲ್ಲಿ ಎರಡೂವರೆ ಕಿ.ಮೀ. ಆಗುತ್ತದೆ. ದೂರ ಮೂರು ಪಟ್ಟು ಹೆಚ್ಚಿದರೆ ಸ್ಟೇಷನ್ ಸುತ್ತಲಿನ ಪ್ರದೇಶ ಮೂರು ಪಟ್ಟಲ್ಲ, ಒಂಬತ್ತು ಪಟ್ಟಿಗೂ ಮಿಗಿಲು: ನಡೆಯುವವರಿಗೆ 2 ಚದರ ಕಿ.ಮೀ., ಸೈಕಲ್ ಇದ್ದವರಿಗೆ ಸುಮಾರು 20 ಚದರ ಕಿ.ಮೀ. ಹೊಸ ಹಳಿ ಹಾಕದೆ, ಫೀಡರ್ ಬಸ್ ಓಡಿಸದೆ ಒಂದು ಸ್ಟೇಷನ್ ಇಷ್ಟು ದೊಡ್ಡ ಜಾಗಕ್ಕೆ ಹತ್ತಿರವಾಗುತ್ತದೆ. ರಸ್ತೆಗಳು ನೇರವಾಗಿರುವುದಿಲ್ಲ, ನಡುವೆ ಫ್ಲೈಓವರ್, ನಾಲೆ, ಮುಚ್ಚಿದ ಲೇಔಟ್ ಗೇಟುಗಳು ಬರುತ್ತವೆ, ನಿಜ. ಅವನ್ನೆಲ್ಲ ಕಳೆದರೂ ಲಾಭ ಚಿಕ್ಕದಲ್ಲ.

ಸೈಕಲ್ ತುಳಿಯುವವರೇ ಇಲ್ಲ ಎನ್ನುವಂತಿಲ್ಲ. 2011ರ ಜನಗಣತಿಯ ಪ್ರಕಾರ ಕೃಷಿಯೇತರ ಕೆಲಸಕ್ಕೆ ಸೈಕಲ್‌ನಲ್ಲಿ ಹೋಗುವವರ ಸಂಖ್ಯೆ ಸುಮಾರು 2.6 ಕೋಟಿ. ಅವರಲ್ಲಿ ಹೆಚ್ಚಿನವರಿಗೆ ಇದು ಪರಿಸರ ಪ್ರೇಮವಲ್ಲ, ಬಸ್ ಚಾರ್ಜ್ ಉಳಿಸುವ ದಾರಿ. ನಗರಗಳ ಯೋಜನೆಗಳು ಇವರನ್ನು ಮರೆತು ಹೆಲ್ಮೆಟ್ ತೊಟ್ಟ ಭಾನುವಾರದ ಸವಾರರನ್ನೇ ಕಣ್ಣಮುಂದೆ ಇಟ್ಟುಕೊಂಡಿರುವುದು ಮೊದಲ ಎಡವಟ್ಟು.

ರೈಲಿನೊಳಗೆ ಸೈಕಲ್

ರೈಲಿನಲ್ಲೇ ಸೈಕಲ್ ಒಯ್ಯಲು ಕೆಲವು ಮೆಟ್ರೊಗಳು ಈಗ ಬಿಡುತ್ತವೆ. ಕೊಚ್ಚಿ ಮೆಟ್ರೊ 2020ರ ನವೆಂಬರ್‌ನಲ್ಲಿ ಮೊದಲು ಕೆಲವು ಸ್ಟೇಷನ್‌ಗಳಲ್ಲಿ ಅವಕಾಶ ಕೊಟ್ಟು ನಂತರ ವಿಸ್ತರಿಸಿತು. ನಾಗ್ಪುರ, ಪುಣೆ ಮೆಟ್ರೊಗಳನ್ನು ನಡೆಸುವ ಮಹಾ ಮೆಟ್ರೊ ಕೂಡ ಇದೇ ಹಾದಿ ಹಿಡಿದಿದೆ. ಮುಂಬೈನಲ್ಲಿ 2022ರ ಏಪ್ರಿಲ್‌ನಲ್ಲಿ ಓಡಾಟ ಆರಂಭಿಸಿದ 2ಎ ಮತ್ತು 7ನೇ ಮಾರ್ಗದ ರೈಲುಗಳಲ್ಲಿ ಸೈಕಲ್ ನಿಲ್ಲಿಸಲೆಂದೇ ಜಾಗ ಮಾಡಲಾಗಿದೆ. ಬೆಂಗಳೂರಿನ ನಮ್ಮ ಮೆಟ್ರೊದಲ್ಲಿ ಅವಕಾಶವಿರುವುದು ಮಡಚುವ ಸೈಕಲ್‌ಗೆ.

ಕೇಳಲು ಚೆನ್ನಾಗಿದೆ. ಆದರೆ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ದಾದರ್‌ನಲ್ಲಿ ಲೋಕಲ್ ಹತ್ತಿದವರಿಗೆ ಗೊತ್ತು, ಅಲ್ಲಿ ಒಂದು ಛತ್ರಿಗೂ ಜಾಗ ಹುಡುಕಬೇಕು. ಸೈಕಲ್‌ಗಳ ದೇಶವೆಂದೇ ಹೆಸರಾದ ನೆದರ್ಲೆಂಡ್ಸ್ ಕೂಡ ಇದಕ್ಕೆ ಒಪ್ಪಿಲ್ಲ ಎಂಬುದು ಹಲವರಿಗೆ ಅಚ್ಚರಿ ತರಬಹುದು. ಅಲ್ಲಿನ ರೈಲುಗಳಲ್ಲಿ ಮಡಚದ ಸೈಕಲ್‌ಗೆ ಪ್ರತ್ಯೇಕ ಟಿಕೆಟ್ ಬೇಕು. ವಾರದ ದಿನಗಳಲ್ಲಿ ಬೆಳಿಗ್ಗೆ 6.30ರಿಂದ 9, ಸಂಜೆ 4ರಿಂದ 6.30ರವರೆಗೆ ನಿಷೇಧ. ಮಡಚಿದ ಸೈಕಲ್ ಮಾತ್ರ ಲಗೇಜ್ ಲೆಕ್ಕದಲ್ಲಿ ಉಚಿತ. ಹೀಗಿದ್ದೂ ಅಲ್ಲಿ ರೈಲು ಹತ್ತುವವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಸ್ಟೇಷನ್‌ಗೆ ಬರುವುದು ಸೈಕಲ್‌ನಲ್ಲೇ.

ಅವರು ಗೆದ್ದಿದ್ದು ಸ್ಟ್ಯಾಂಡ್‌ನಲ್ಲಿ. ಉಟ್ರೆಕ್ಟ್ ನಗರದ ಸೆಂಟ್ರಲ್ ಸ್ಟೇಷನ್ ಕೆಳಗೆ 2019ರಲ್ಲಿ ಪೂರ್ಣಗೊಂಡ ನೆಲಮಾಳಿಗೆಯಲ್ಲಿ 12,500 ಸೈಕಲ್ ನಿಲ್ಲುತ್ತವೆ. ಸವಾರರು ಸೈಕಲ್ ತುಳಿದುಕೊಂಡೇ ಒಳಗೆ ಹೋಗುತ್ತಾರೆ, ಯಾವ ಸಾಲಿನಲ್ಲಿ ಜಾಗ ಖಾಲಿಯಿದೆ ಎಂದು ಫಲಕ ತೋರಿಸುತ್ತದೆ, ಮೊದಲ 24 ಗಂಟೆ ಶುಲ್ಕವಿಲ್ಲ. ಟೋಕಿಯೊದ ಕಸಾಯ್ ಸ್ಟೇಷನ್ ಬಳಿ 9,400 ಸೈಕಲ್ ಹಿಡಿಸುವ ನಿಲ್ದಾಣವಿದೆ. ಅದರಲ್ಲಿ ಒಂದು ಭಾಗ ಯಂತ್ರದ್ದು: ಸೈಕಲ್ ಬಾಗಿಲಲ್ಲಿ ಇಟ್ಟರೆ ನೆಲದಡಿಯ ಗೋಪುರಕ್ಕೆ ತಾನೇ ಸೇರಿಕೊಳ್ಳುತ್ತದೆ.

ಇಷ್ಟೆಲ್ಲ ಅದ್ದೂರಿ ಬೇಕಾಗಿಲ್ಲ. ಒಂದು ಕಾರು ನಿಲ್ಲುವ ಜಾಗದಲ್ಲಿ ಎಂಟು ಹತ್ತು ಸೈಕಲ್ ನಿಲ್ಲುತ್ತವೆ. ಬೇಕಿರುವುದು ಮೇಲೊಂದು ಸೂರು, ಫ್ರೇಮ್ ಸಮೇತ ಬೀಗ ಹಾಕಲು ನೆಲಕ್ಕೆ ಹೂತ ಕಬ್ಬಿಣದ ಕೊಳವೆ, ರಾತ್ರಿ ದೀಪ, ಒಂದು ಕ್ಯಾಮೆರಾ, ಪ್ಲಾಟ್‌ಫಾರ್ಮ್ ಮೆಟ್ಟಿಲಿನ ಹತ್ತಿರವೇ ಜಾಗ. ನಮ್ಮಲ್ಲಿ ತಪ್ಪುವುದು ಕೊನೆಯದು. ಗೇಟಿನ ಬಳಿಯ ಒಳ್ಳೆಯ ಜಾಗ ಬೈಕ್‌ಗೆ, ಸೈಕಲ್‌ಗೆ ಮೂಲೆ. ಬೈಕ್‌ನಿಂದ ಬರುವ ಶುಲ್ಕ ಹೆಚ್ಚು ಎಂದ ಮೇಲೆ ಗುತ್ತಿಗೆದಾರರು ಬೇರೇನು ಮಾಡಿಯಾರು? ಟೆಂಡರ್‌ನಲ್ಲೇ ಸೈಕಲ್‌ಗೆ ಇಂತಿಷ್ಟು ಜಾಗ ಎಂದು ಬರೆಯದಿದ್ದರೆ ಅದು ಬದಲಾಗದು.

ಇಳಿದ ಕಡೆ ಸೈಕಲ್ ಎಲ್ಲಿ?

ಮನೆ ಬದಿಯ ತುದಿ ಸ್ಟ್ಯಾಂಡ್‌ನಿಂದ ಬಗೆಹರಿಯಿತು. ಕಚೇರಿ ಬದಿಯದ್ದಕ್ಕೆ ಬಾಡಿಗೆ ಸೈಕಲ್ ಬೇಕು. ಕರ್ನಾಟಕದವರಿಗೆ ಪರಿಚಿತ ಉದಾಹರಣೆ ಮೈಸೂರಿನ 'ಟ್ರಿಣ್ ಟ್ರಿಣ್'. 2017ರ ಜೂನ್‌ನಲ್ಲಿ 450 ಸೈಕಲ್‌ಗಳೊಂದಿಗೆ ಶುರುವಾದ ಇದು ಒಂದು ಡಾಕಿಂಗ್ ನಿಲ್ದಾಣದಲ್ಲಿ ತೆಗೆದು ಇನ್ನೊಂದರಲ್ಲಿ ಬಿಡುವ ವ್ಯವಸ್ಥೆ. ಅದೇ ಹೊತ್ತಿಗೆ ಬೇರೆ ನಗರಗಳಿಗೆ ಬಂದದ್ದು ಎಲ್ಲಿ ಬೇಕಾದರೂ ಬಿಟ್ಟುಹೋಗಬಹುದಾದ ಆ್ಯಪ್ ಸೈಕಲ್‌ಗಳು. ಚೀನಾದ ಓಫೊ ಭಾರತಕ್ಕೆ ಬಂದು 2018ರಲ್ಲೇ ಗಂಟು ಕಟ್ಟಿತು. ಬೆಂಗಳೂರಿನ ಯುಲು ಪೆಡಲ್ ಸೈಕಲ್‌ನಿಂದ ಪುಟ್ಟ ವಿದ್ಯುತ್ ವಾಹನಗಳತ್ತ ಹೊರಳಿತು. ಎಲ್ಲಿ ಬೇಕಾದರೂ ಬಿಡಬಹುದು ಎಂದರೆ ಬೇಕಾದಾಗ ಸ್ಟೇಷನ್ ಬಾಗಿಲಲ್ಲಿ ಒಂದೂ ಇರುವುದಿಲ್ಲ ಎಂಬುದು ದಿನನಿತ್ಯದ ಪ್ರಯಾಣಿಕರಿಗೆ ಬೇಗನೆ ಅರ್ಥವಾಯಿತು. ಎಂಟೂವರೆ ಗಂಟೆಗೆ ಸೈಕಲ್ ಸಿಗುತ್ತದೆಂಬ ಖಾತರಿ ಇಲ್ಲದಿದ್ದರೆ ಎರಡನೇ ದಿನವೇ ಆಟೋ.

ಡಚ್ಚರ 'ಓವಿ-ಫೀಟ್ಸ್' ಬಾಡಿಗೆ ಸೈಕಲ್ 2003ರಿಂದ ನಿಂತದ್ದಕ್ಕೆ ಕಾರಣ ಸರಳ: ಸೈಕಲ್ ಇರುವುದು ಸ್ಟೇಷನ್‌ನಲ್ಲೇ, ತೆಗೆಯುವುದು ರೈಲಿಗೆ ಬಳಸುವ ಅದೇ ಕಾರ್ಡ್‌ನಿಂದ. ನಮ್ಮಲ್ಲಿ ಮೆಟ್ರೊಗೆ ಒಂದು ಕಾರ್ಡ್, ಬಸ್‌ಗೆ ಇನ್ನೊಂದು, ಸೈಕಲ್‌ಗೆ ಮೂರನೆಯ ಆ್ಯಪ್, ಅದಕ್ಕೊಂದು ಠೇವಣಿ.

ದಾರಿಯೇ ಇಲ್ಲದಿದ್ದರೆ

ಚೆನ್ನೈ ಪಾಲಿಕೆ 2014ರಲ್ಲೇ ಪಾದಚಾರಿ ಹಾಗೂ ಸೈಕಲ್ ಸಂಚಾರಕ್ಕೆ ನೀತಿ ಒಪ್ಪಿತು. ಒಂದು ಕಾಲಕ್ಕೆ ಸೈಕಲ್‌ಗಳ ನಗರ ಎನಿಸಿಕೊಂಡಿದ್ದ ಪುಣೆ 2017ರಲ್ಲಿ ಸೈಕಲ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆದರೆ ಪುಣೆಯ ಎಷ್ಟೋ ಟ್ರ್ಯಾಕ್‌ಗಳ ಮೇಲೆ ಇಂದು ಬೈಕ್‌ಗಳು, ತಳ್ಳುಗಾಡಿಗಳು ನಿಂತಿರುತ್ತವೆ. ಹೈದರಾಬಾದ್‌ನ ಹೊರವರ್ತುಲ ರಸ್ತೆ ಬದಿಯಲ್ಲಿ 2023ರಲ್ಲಿ ತೆರೆದ 23 ಕಿ.ಮೀ. ಟ್ರ್ಯಾಕ್‌ಗೆ ಸೌರಫಲಕಗಳ ಚಾವಣಿಯಿದೆ, ಮಳೆ ಬಿಸಿಲಿಗೆ ಹೆದರಬೇಕಿಲ್ಲ. ವ್ಯಾಯಾಮಕ್ಕೆ ಅದು ಸೊಗಸು. ಆದರೆ ಮಿಯಾಪುರ ಮೆಟ್ರೊ ಸ್ಟೇಷನ್‌ಗೆ ದಿನಾ ಬರಬೇಕಾದವರಿಗೆ ಅದರಿಂದ ಉಪಯೋಗ ಅಷ್ಟಕ್ಕಷ್ಟೆ. ಸ್ಟೇಷನ್ ಸುತ್ತ ಎರಡು ಕಿ.ಮೀ. ರಸ್ತೆಗಳಲ್ಲಿ ವೇಗ ತಗ್ಗಿಸಿ, ದೀಪ ಹಾಕಿ, ಜಂಕ್ಷನ್ ಸರಿಪಡಿಸಿದರೆ ಅದಕ್ಕಿಂತ ಹೆಚ್ಚು ಜನ ಪೆಡಲ್ ಮೇಲೆ ಕಾಲಿಡುತ್ತಾರೆ. ಕತ್ತಲಾದ ಮೇಲೆ ಮರಳುವ ಮಹಿಳೆಯರ ಮಟ್ಟಿಗಂತೂ ದೀಪವಿಲ್ಲದ ರಸ್ತೆ ಎಂದರೆ ರಸ್ತೆಯೇ ಇಲ್ಲದಂತೆ.

ಈಗಲೇ ಶುರು ಮಾಡುವವರು ಗಮನಿಸಬೇಕಾದ್ದು ಕೆಲವಿವೆ. ದುಬಾರಿ ಗೇರ್ ಸೈಕಲ್‌ಗಿಂತ ಮಡ್‌ಗಾರ್ಡ್, ಕ್ಯಾರಿಯರ್, ಚೈನ್ ಕವರ್ ಇರುವ ಹಳೆಯ ಮಾದರಿಯೇ ಮೇಲು, ಕಳ್ಳರ ಕಣ್ಣೂ ಕಡಿಮೆ ಬೀಳುತ್ತದೆ. ಬೀಗ ಹಾಕುವುದು ಚಕ್ರಕ್ಕಲ್ಲ, ಫ್ರೇಮ್ ಮತ್ತು ಚಕ್ರ ಎರಡನ್ನೂ ಕಂಬಕ್ಕೆ. ಮಡಚುವ ಸೈಕಲ್ ತೂಕ ಸಾಮಾನ್ಯವಾಗಿ 12ರಿಂದ 15 ಕಿಲೋ. ಕೊಳ್ಳುವ ಮೊದಲು ಅದನ್ನು ಎತ್ತಿಕೊಂಡು ಎರಡು ಮಹಡಿ ಹತ್ತಿ ನೋಡುವುದು ಒಳ್ಳೆಯದು, ಲಿಫ್ಟ್ ಕೆಟ್ಟ ದಿನ ಸ್ಟೇಷನ್‌ನಲ್ಲಿ ಅದೇ ಗತಿ. ಮುಂಬೈ, ಕೊಂಕಣದ ಕಡೆ ಮಳೆಗಾಲದ ನಾಲ್ಕು ತಿಂಗಳಿಗೆ ಬೇರೆ ಏರ್ಪಾಡು ಬೇಕು. ಸ್ಟ್ಯಾಂಡ್ ರಾತ್ರಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂಬುದನ್ನು ಮೊದಲ ದಿನವೇ ಕೇಳಿಕೊಳ್ಳಬೇಕು. ಕೊನೆಯ ರೈಲಿನಲ್ಲಿ ಬಂದವರಿಗೆ ಸೈಕಲ್ ಗೇಟಿನ ಆಚೆ ಕಾಣುತ್ತಿರುತ್ತದೆ, ಕೈಗೆ ಸಿಗುವುದಿಲ್ಲ.