ಶಕ್ತಿಮಾನ್ ಲಾರಿ, ಮೀಟರ್ ಗೇಜ್ ಮತ್ತು ನಮ್ಮ ಹಳಹಳಿಕೆ

ಶಕ್ತಿಮಾನ್ ಅಂದ ಕೂಡಲೇ ದೂರದರ್ಶನದಲ್ಲಿ ಗಿರಗಿರ ತಿರುಗುತ್ತಿದ್ದ ಮುಖೇಶ್ ಖನ್ನಾ ನೆನಪಾದರೆ ತಪ್ಪು ನಿಮ್ಮದಲ್ಲ. ಆದರೆ ಆತ ಬಂದಿದ್ದು 1997ರಲ್ಲಿ. ಅದಕ್ಕೂ ಮೊದಲು ಆ ಹೆಸರಿನಲ್ಲಿ ಮಿಲಿಟರಿ ಲಾರಿಯೊಂದಿತ್ತು. ಹೆದ್ದಾರಿಯಲ್ಲಿ ಸಾಲಾಗಿ ಹೋಗುತ್ತಿದ್ದ ಆ ಹಸಿರು ಲಾರಿಗಳನ್ನು ಎಣಿಸಿದವರು ನಮ್ಮಲ್ಲಿ ಎಷ್ಟೋ ಜನ ಇದ್ದೀರಿ.

ಸ್ವಾತಂತ್ರ್ಯ ಬಂದಾಗ ನಮ್ಮ ಸೈನ್ಯದ ಹತ್ತಿರ ಇದ್ದದ್ದು ಎರಡನೇ ಮಹಾಯುದ್ಧ ಬಿಟ್ಟುಹೋದ ಡಾಡ್ಜ್, ಫೋರ್ಡ್, ಶೆವ್ರೊಲೆಗಳು. ಬಿಡಿಭಾಗಕ್ಕೂ ಪರದೇಶದ ಮುಖ ನೋಡಬೇಕು. ಕೃಷ್ಣ ಮೆನನ್ ರಕ್ಷಣಾ ಮಂತ್ರಿಯಾಗಿದ್ದಾಗ ಜರ್ಮನಿಯ ಮಾನ್ ಕಂಪನಿಯ ಲೈಸೆನ್ಸ್ ಪಡೆದು, ಜಬಲ್ಪುರದ ಗನ್ ಕ್ಯಾರೇಜ್ ಫ್ಯಾಕ್ಟರಿಯಲ್ಲಿ 1959ರಲ್ಲಿ ಲಾರಿ ಜೋಡಿಸಲು ಶುರು ಮಾಡಿದರು. ಶಕ್ತಿ ನಮ್ಮದು, ಮಾನ್ ಅವರದು! ಹೆಸರಿಟ್ಟವರ ಜಾಣತನ ಮೆಚ್ಚಬೇಕು. ಸೈನ್ಯದ ಕಾರ್ಖಾನೆಗಳಲ್ಲಿ ಕಾಫಿ ಪರ್ಕೊಲೇಟರ್ ಮಾಡಿಸುತ್ತಿದ್ದಾರೆ ಅಂತ ಮೆನನ್‌ರನ್ನು ಎಲ್ಲರೂ ಆಡಿಕೊಂಡರು. 1962ರ ಸೋಲಿನ ನಂತರ ಅವರ ಕುರ್ಚಿಯೂ ಹೋಯಿತು. ಲಾರಿ ಮಾತ್ರ ಉಳಿಯಿತು. 1969ರಲ್ಲಿ ಜಬಲ್ಪುರದಲ್ಲೇ ವಾಹನಗಳಿಗಾಗಿ ಬೇರೆ ಕಾರ್ಖಾನೆ ಬಂತು. ನಿಸ್ಸಾನ್ ಮೂಲದ ಜೊಂಗಾ ಜೀಪೂ ಜಬಲ್ಪುರದ್ದೇ. ಶಕ್ತಿಮಾನ್ ತಯಾರಿ ನಿಂತದ್ದು 1996ರಲ್ಲಿ.

ಈ ಇಸವಿ ಸ್ವಲ್ಪ ಗಮನಿಸಿ. ರೈಲ್ವೆಯ ಯೂನಿಗೇಜ್ ಯೋಜನೆ ಶುರುವಾಗಿದ್ದು 1992ರಲ್ಲಿ. ಬ್ರಾಡ್‌ಗೇಜಿನ ಕೊನೆಯ ಮಾಮೂಲಿ ಉಗಿಬಂಡಿ ಜಲಂಧರ್–ಫಿರೋಜ್‌ಪುರದ ನಡುವೆ ಓಡಿದ್ದು 1995ರ ಡಿಸೆಂಬರ್‌ನಲ್ಲಿ. ಅಂದರೆ ಲಾರಿ ಪ್ರಿಯರೂ ರೈಲು ಪ್ರಿಯರೂ ಹಳಹಳಿಸುವುದು ಒಂದೇ ದಶಕಕ್ಕೆ.

ಆದರೆ ಆಮೇಲಿನ ಕಥೆ ಬೇರೆ ಬೇರೆ. ಸೈನ್ಯ ಹಳೇ ಗಾಡಿಗಳನ್ನು ಹರಾಜು ಹಾಕಿತು. 'ಡಿಸ್ಪೋಸಲ್ ಗಾಡಿ' ಅಂತ ಕೊಂಡವರು ಜೊಂಗಾದ ಸುಮಾರು ನಾಲ್ಕು ಲೀಟರಿನ ಪೆಟ್ರೋಲ್ ಎಂಜಿನ್ ಕುಡಿಯುವ ಪರಿ ನೋಡಿ ಬೆಚ್ಚಿ, ಅದನ್ನು ಕಿತ್ತು ಡೀಸೆಲ್ ಎಂಜಿನ್ ಕೂರಿಸಿದರು. ಅಪ್ಪಟ ಅಭಿಮಾನಿಗಳಿಗೆ ಇದು ಮಹಾಪರಾಧ. ನನಗೇನೋ ಆ ಮೆಕ್ಯಾನಿಕ್‌ಗಳೇ ಅದನ್ನು ಬದುಕಿಸಿದರು ಅನಿಸುತ್ತದೆ. ತಮಾಷೆ ನೋಡಿ, 2021ರ ವಿಂಟೇಜ್ ನೋಂದಣಿ ನಿಯಮ ಕೇಳುವುದು 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಗಾಡಿಯನ್ನು. ದುಡಿದು ಉಳಿದ ಜೊಂಗಾ ಅಲ್ಲಿ ಎಲ್ಲಿ ಸಲ್ಲುತ್ತದೆ?

ರೈಲು ಎಂಜಿನ್ನನ್ನು ಹಾಗೆ ಮನೆಗೆ ಒಯ್ಯಲಾಗುವುದಿಲ್ಲವಲ್ಲ. ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗಬೇಕು, ಇಲ್ಲವೇ ಬಣ್ಣ ಬಳಿಸಿಕೊಂಡು ಸ್ಟೇಷನ್ ಮುಂದಿನ ಕಟ್ಟೆ ಹತ್ತಬೇಕು. ಕಟ್ಟೆ ಹತ್ತಿದ ಎಂಜಿನ್ ಫೋಟೋಕ್ಕೆ ಚೆಂದ, ಒಳಗೆ ಬಾಯ್ಲರ್ ಕೊಳವೆಗಳು ತುಕ್ಕು ತಿನ್ನುತ್ತಿರುತ್ತವೆ. ಮೈಸೂರಿನ ರೈಲು ಮ್ಯೂಸಿಯಂ 1979ರಲ್ಲೇ ಆದದ್ದು ನಮ್ಮ ಪುಣ್ಯ. 1899ರ ಮಹಾರಾಣಿ ಸಲೂನ್ ಉಳಿದಿದೆ. ಆದರೆ ಅದೂ ನಿಂತ ರೈಲೇ.

ಹರಿಯಾಣದ ರೇವಾಡಿ ಶೆಡ್‌ನಲ್ಲಿ ಹಾಗಲ್ಲ. ಅಲ್ಲಿ ಕೆಲವು ಉಗಿ ಎಂಜಿನ್‌ಗಳನ್ನು ಓಡುವ ಸ್ಥಿತಿಯಲ್ಲೇ ಇಟ್ಟುಕೊಂಡಿದ್ದಾರೆ. ಅವುಗಳಲ್ಲಿ ಒಂದಾದ 'ವಿರಾಟ್' ಅಮೆರಿಕದ ಬಾಲ್ಡ್‌ವಿನ್ ಕಂಪನಿ 1943ರಲ್ಲಿ, ಯುದ್ಧದ ನಡುವೆ ಕಟ್ಟಿದ್ದು. ಆ ಡಾಡ್ಜ್ ಲಾರಿಗಳ ಓರಗೆಯದೇ ಅನ್ನಿ!

ನಮ್ಮ ಕಡೆ ಇದಕ್ಕೆ ಹತ್ತಿರದ್ದು ಅಂದರೆ ನಂದಿ ಹಾಲ್ಟ್, ದೇವನಹಳ್ಳಿ, ಆವತಿಹಳ್ಳಿ, ದೊಡ್ಡಜಾಲದ ಪುಟ್ಟ ಸ್ಟೇಷನ್‌ಗಳು. ಎರಡೂವರೆ ಅಡಿ ನ್ಯಾರೋಗೇಜ್ ಕಾಲದವು. ಪಾಳುಬಿದ್ದಿದ್ದ ಇವುಗಳನ್ನು ಇಂಟ್ಯಾಕ್‌ನವರು ರೈಲ್ವೆಯ ಜೊತೆ ಸೇರಿ ರಿಪೇರಿ ಮಾಡಿಸಿದರು. ಹಳಿ ಬ್ರಾಡ್‌ಗೇಜ್ ಆಗಿದೆ, ಗೋಡೆ ಹಳೆಯದೇ.

ಕಟ್ಟಡವನ್ನು ಹೀಗೆ ಎತ್ತಿ ನಿಲ್ಲಿಸಬಹುದು. ತಣ್ಣಗಾದ ಬಾಯ್ಲರಿಗೆ ಬೆಂಕಿ ಹಾಕಿ ಗಂಟೆಗಟ್ಟಲೆ ಕಾದು ಉಗಿ ಏರಿಸುವ ಕೈ ಎಲ್ಲಿದೆ? 1995ರಲ್ಲಿ ನಿವೃತ್ತಿಯಾದ ಫೈರ್‌ಮನ್‌ಗೆ ಈಗ ತೊಂಬತ್ತರ ಹತ್ತಿರ ಹತ್ತಿರ. ಶಕ್ತಿಮಾನ್ ಓಡಿಸಿದ ಹಳೇ ಡ್ರೈವರ್‌ಗಳಿಗೂ ವಯಸ್ಸಾಗಿದೆ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಅಂಥವರಿದ್ದರೆ, ಹಿಮ ಬೀಳುವ ಕಡೆ ಬೆಳಗಿನ ಜಾವ ಆ ಲಾರಿ ಹೇಗೆ ಸ್ಟಾರ್ಟ್ ಮಾಡುತ್ತಿದ್ದರು ಅಂತ ಒಮ್ಮೆ ಕೇಳಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನನಗೂ ಕೇಳಿಸಿ.