ನಿಂತ ಗಾಡಿಗೆ ತಾಗಿದಾಗ: ಒಂದು ಸಣ್ಣ ಜಗಳದ ದೊಡ್ಡ ಇತಿಹಾಸ



ಇತಿಹಾಸವೆಂದೊಡನೆ ನಮಗೆ ರಾಜರು, ಯುದ್ಧಗಳು, ಕೋಟೆಗಳು ನೆನಪಾಗುತ್ತವೆ. ಆದರೆ ರಸ್ತೆಯ ಬದಿಯಲ್ಲಿ ಐದೇ ನಿಮಿಷ ನಡೆದು ಮುಗಿಯುವ ಜಗಳಕ್ಕೂ ಒಂದು ಇತಿಹಾಸವಿದೆ. ಇಂದು ಅದನ್ನು ನೋಡೋಣ.

ವಿಜಯಪುರ ಜಿಲ್ಲೆಯ ಸಿಂದಗಿ ಸೀಮೆಯಲ್ಲಿ, ಭೀಮಾ ನದಿಯ ದಂಡೆಯಲ್ಲಿ ದೇವಣಗಾಂವ ಎಂಬ ಊರಿದೆ. ಆಚೆ ದಂಡೆಗೆ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕು. ಈ ಊರಿನ ರಸ್ತೆಯಲ್ಲಿ ಹೀಗೊಂದು ಪ್ರಸಂಗ ನಡೆಯಿತೆಂದು ಊಹಿಸಿಕೊಳ್ಳಿ. ಚಹಾದ ಅಂಗಡಿಯ ಮುಂದೆ ಹಿರಿಯರೊಬ್ಬರು ಕಾರು ನಿಲ್ಲಿಸಲೆಂದು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಾರೆ. ಹಿಂದೆ ಒಂದು ಟಂಟಂ. ಟಪ್ ಎಂದು ಸದ್ದಾಯಿತು. ಟಂಟಂನ ಮುಂದಿನ ದೀಪ ಒಡೆಯಿತು, ಕಾರಿನ ಬಂಪರು ತಗ್ಗಾಯಿತು.

"ಯಾಕ್ರೀ ಕಾಕಾ, ನಿಂತ ಗಾಡಿಗಿ ಬಂದು ಬಡದ್ರಲ್ಲ! ಹಿಂದ ನೋಡೂದಿಲ್ಲೇನ್ರೀ?"

"ನಾ ಹಿಂದ ಬರಾಕತ್ತಿದ್ದೆ ತಮ್ಮಾ, ಆಗ ನೀ ತಂದು ನಿಲ್ಲಿಸಿದಿ. ಮೊದಲ ಅಲ್ಲಿ ಏನೂ ಇರಲಿಲ್ಲ."

ನಷ್ಟ ಸಣ್ಣದು. ಆದರೆ ದೀಪವಿಲ್ಲದ ಟಂಟಂಗೆ ಸಂಜೆಯ ಬಾಡಿಗೆ ಇಲ್ಲ. ಬಾಡಿಗೆ ಇಲ್ಲದಿದ್ದರೆ ಆ ದಿನದ ಸಂತೆಯ ದುಡ್ಡಿಲ್ಲ. ಇತ್ತ ಹಿರಿಯರಿಗೆ, ತಾವು ಮಾಡಿಲ್ಲವೆಂದು ನಂಬಿರುವ ತಪ್ಪನ್ನು ಹತ್ತು ಜನರೆದುರು ಒಪ್ಪಿಕೊಳ್ಳುವ ಸಂಕಟ. ಅಷ್ಟರಲ್ಲಿ ಜನ ಸೇರುತ್ತಾರೆ. ಅರ್ಧ ಮಂದಿ ಈ ಕಡೆ, ಅರ್ಧ ಮಂದಿ ಆ ಕಡೆ. ಯಾರೋ ಒಬ್ಬರು ಕಾರಿನ ಕೀಲಿಕೈಗೆ ಕೈ ಹಾಕುತ್ತಾರೆ. ಇಲ್ಲಿಂದ ಮುಂದೆ ಈ ಪ್ರಸಂಗ ಯಾವ ದಾರಿ ಹಿಡಿಯಬೇಕು?

ಈ ಪ್ರಶ್ನೆ ಮೋಟಾರು ಬಂದ ಮೇಲೆ ಹುಟ್ಟಿದ್ದಲ್ಲ.

ಬಂಡಿಗಳ ಕಾಲದ ವಿಚಾರ

ಭೀಮೆಯ ಬಯಲಿನಿಂದ ಬಡಗಣ ದಿಕ್ಕಿಗೆ ಹೋದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ ಸಿಗುತ್ತದೆ. ಅದು ಕಲ್ಯಾಣದ ಚಾಲುಕ್ಯರ ರಾಜಧಾನಿಯಾಗಿತ್ತು. ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದನು. ಅವನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನವೇ ಪ್ರಸಿದ್ಧವಾದ 'ಮಿತಾಕ್ಷರಾ'. ಆಸ್ತಿಯ ಪಾಲುಪಟ್ಟಿಯ ಸಂಬಂಧವಾಗಿ ನಾವು ಈ ಗ್ರಂಥದ ಹೆಸರನ್ನು ಕೇಳಿರುತ್ತೇವೆ. ಆದರೆ ಆ ಸ್ಮೃತಿಯಲ್ಲಿ ಬಂಡಿಗಳಿಂದಾಗುವ ಹಾನಿಯ ವಿಚಾರವೂ ಇದೆ. ಎತ್ತಿನ ಮೂಗುದಾರ ಹರಿದುಹೋದಾಗ, ನೊಗ ಮುರಿದಾಗ ಅಥವಾ ಬಂಡಿ ಹಿಂದಕ್ಕೆ ಸರಿದಾಗ ಹಾನಿಯಾದರೆ ಒಡೆಯನಿಗೆ ದೋಷವಿಲ್ಲ ಎಂದು ಅದು ಹೇಳುತ್ತದೆ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿಯೂ ಇಂಥದೇ ಪಟ್ಟಿಯಿದೆ. "ಸರಿಯಿರಿ" ಎಂದು ಕೂಗಿ ಎಚ್ಚರಿಸಿದ್ದರೂ ಅಲ್ಲಿ ದಂಡವಿಲ್ಲ. ಆದರೆ ಹೊಡೆಯುವವನಿಗೆ ಕೆಲಸ ಬಾರದೆ ಬಂಡಿ ದಾರಿ ತಪ್ಪಿದರೆ ಒಡೆಯನಿಗೇ ದಂಡ!

ಸ್ಮೃತಿಗಳು ಮನುಷ್ಯರಲ್ಲಿ ಮೇಲು ಕೀಳು ಎಣಿಸಿದ ಗ್ರಂಥಗಳು. ಆ ಭಾಗವನ್ನು ನಮ್ಮ ಸಂವಿಧಾನ ಒಪ್ಪುವುದಿಲ್ಲ. ಆದರೆ ಬಂಡಿಯ ಈ ನಿಯಮದ ಹಿಂದಿರುವ ತರ್ಕ ಗಮನಿಸತಕ್ಕದ್ದು. ಹಿಂದಕ್ಕೆ ಸರಿದ ಬಂಡಿಗೆ ಅಂದು ವಿನಾಯಿತಿ ಏಕೆ? ಎತ್ತು ಬೆದರಿ ಹಿಂದಕ್ಕೆ ಹೆಜ್ಜೆ ಇಟ್ಟರೆ ಅದು ಹೊಡೆಯುವವನ ಹಿಡಿತದಲ್ಲಿ ಇರುವುದಿಲ್ಲ. ಕಾರು ಹಾಗಲ್ಲ. ಚಾಲಕನು ತಾನಾಗಿ ಗೇರು ಹಾಕಿದಾಗಲೇ ಅದು ಹಿಂದಕ್ಕೆ ಬರುತ್ತದೆ. ಆದ್ದರಿಂದಲೇ 1989ರಲ್ಲಿ ನಮ್ಮ ದೇಶದಲ್ಲಿ ಜಾರಿಗೆ ಬಂದ ರಸ್ತೆ ನಿಯಮಗಳು, ಯಾರಿಗೂ ಅಪಾಯವಿಲ್ಲವೆಂದು ಖಚಿತಪಡಿಸಿಕೊಳ್ಳದೆ ಹಿಮ್ಮುಖವಾಗಿ ಚಲಿಸಬಾರದೆಂದು ವಿಧಿಸಿದವು. ಅಂದಿನ ಉತ್ತರ ಬೇರೆ, ಇಂದಿನ ಉತ್ತರ ಬೇರೆ. ಆದರೆ ಎರಡರ ಹಿಂದಿನ ಪ್ರಶ್ನೆ ಒಂದೇ: ಹಿಡಿತ ಯಾರ ಕೈಯಲ್ಲಿತ್ತು?

ನಷ್ಟಕ್ಕಿಂತ ನಷ್ಟದ ಮೇಲಿನ ಜಗಳವೇ ಹೆಚ್ಚು ಹಾನಿ ಮಾಡುತ್ತದೆಂಬುದೂ ನಮ್ಮ ಹಿರಿಯರಿಗೆ ತಿಳಿದಿತ್ತು. ಗದಗ ಸೀಮೆಯ ಕೋಟವುಮಚಗಿಯ 1012ರ ಶಾಸನವು ಬೈದರೆ ಇಷ್ಟು, ಹೊಡೆದರೆ ಇಷ್ಟು, ಕಠಾರಿ ಹಿರಿದರೆ ಇಷ್ಟು ಎಂದು ದಂಡವನ್ನು ಬೇರೆ ಬೇರೆಯಾಗಿ ಕಲ್ಲಿನ ಮೇಲೆ ಬರೆದಿಟ್ಟಿದೆ. ಮೂಲ ಜಗಳದಲ್ಲಿ ಯಾರು ಸರಿ ಎಂಬುದು ಒಂದು ಲೆಕ್ಕ. ಕೈ ಎತ್ತಿದ್ದು ಇನ್ನೊಂದು ಲೆಕ್ಕ.

ಒಂದು ಕತ್ತೆಯ ಮೊಕದ್ದಮೆ

ತಪ್ಪು ಒಬ್ಬರದೇ ಇದ್ದರೆ ತೀರ್ಮಾನ ಸುಲಭ. ಇಬ್ಬರದೂ ಸ್ವಲ್ಪ ಸ್ವಲ್ಪ ಇದ್ದರೆ? ಇಂದಿನ ನಮ್ಮ ನ್ಯಾಯಾಲಯಗಳು ಬಳಸುವ ತತ್ವಗಳು ಇಂಗ್ಲೆಂಡಿನಲ್ಲಿ ಬೆಳೆದು ಬಂದವು. ಆದ್ದರಿಂದ ಒಂದು ಕ್ಷಣ ಅಲ್ಲಿಗೆ ಹೋಗಿ ಬರೋಣ.

1809ರಲ್ಲಿ ಅಲ್ಲಿ ಒಂದು ಮೊಕದ್ದಮೆ ನಡೆಯಿತು. ಒಬ್ಬನು ಮನೆ ರಿಪೇರಿಗೆಂದು ರಸ್ತೆಗೆ ಅಡ್ಡಲಾಗಿ ಗಳು ಇಟ್ಟಿದ್ದ. ಮತ್ತೊಬ್ಬನು ಮುಸ್ಸಂಜೆಯಲ್ಲಿ ಕುದುರೆಯನ್ನು ಜೋರಾಗಿ ಓಡಿಸಿಕೊಂಡು ಬಂದು ಅದಕ್ಕೆ ಸಿಕ್ಕಿ ಬಿದ್ದ. ಗಳು ಇಟ್ಟದ್ದು ತಪ್ಪೇ. ಆದರೂ ಸವಾರನು ಎಚ್ಚರವಾಗಿದ್ದರೆ ತಪ್ಪಿಸಿಕೊಳ್ಳಬಹುದಿತ್ತೆಂದು ಅವನಿಗೆ ಒಂದು ಕಾಸೂ ಸಿಗಲಿಲ್ಲ. ಅಂದರೆ ನಿನ್ನದೂ ಸ್ವಲ್ಪ ತಪ್ಪಿದ್ದರೆ ನಿನಗೆ ಏನೂ ಇಲ್ಲ!

1842ರ ಮೊಕದ್ದಮೆ ನಮ್ಮ ದೇವಣಗಾಂವದ ಪ್ರಸಂಗಕ್ಕೆ ಇನ್ನೂ ಹತ್ತಿರದ್ದು. ಒಬ್ಬನು ತನ್ನ ಕತ್ತೆಯ ಮುಂಗಾಲು ಕಟ್ಟಿ ರಸ್ತೆಯಲ್ಲಿ ಮೇಯಲು ಬಿಟ್ಟಿದ್ದ. ಮೂರು ಕುದುರೆಗಳ ಗಾಡಿಯೊಂದು ವೇಗವಾಗಿ ಬಂದು ಕತ್ತೆಯ ಮೇಲೆ ಹಾಯಿತು, ಕತ್ತೆ ಸತ್ತಿತು. ಕತ್ತೆಯನ್ನು ಅಲ್ಲಿ ಬಿಟ್ಟದ್ದು ಸರಿಯಲ್ಲ ಎಂಬುದು ಗಾಡಿಯವನ ವಾದ. ಆದರೆ ನ್ಯಾಯಾಲಯವು ಕತ್ತೆಯ ಒಡೆಯನಿಗೆ ಪರಿಹಾರ ಕೊಡಿಸಿತು. ದಾರಿಯಲ್ಲಿ ಏನೋ ತಪ್ಪಾಗಿ ನಿಂತಿದೆಯೆಂದ ಮಾತ್ರಕ್ಕೆ ಅದರ ಮೇಲೆ ಹಾಯಲು ಪರವಾನಗಿ ಸಿಕ್ಕಂತಾಗಲಿಲ್ಲ. ನಿಲ್ಲಬಾರದ ಜಾಗದಲ್ಲಿ ನಿಂತ ವಾಹನದ ವಿಚಾರದಲ್ಲಿಯೂ ಈ ಮಾತು ನೆನಪಿಡತಕ್ಕದ್ದು.

ಎರಡು ತೀರ್ಪುಗಳಲ್ಲಿಯೂ ಒಬ್ಬನು ಪೂರ್ತಿ ಗೆದ್ದ, ಇನ್ನೊಬ್ಬನು ಪೂರ್ತಿ ಸೋತ. ಈ ಪದ್ಧತಿ ಸರಿಯಲ್ಲವೆಂದು ಇಂಗ್ಲೆಂಡು 1945ರಲ್ಲಿ ಕಾನೂನು ಮಾಡಿ, ತಪ್ಪಿನ ಪಾಲಿಗೆ ತಕ್ಕಂತೆ ಪರಿಹಾರವನ್ನು ಹಂಚುವ ಕ್ರಮ ತಂದಿತು. ಭಾರತದ ನ್ಯಾಯಾಲಯಗಳೂ ಈ ಹಂಚಿಕೆಯ ತತ್ವವನ್ನು ಅನುಸರಿಸುತ್ತವೆ. ಗಾಯಗೊಂಡವನದೂ ಸ್ವಲ್ಪ ತಪ್ಪಿದ್ದರೆ ಅವನ ಪರಿಹಾರ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2008ರ ತೀರ್ಪೊಂದರಲ್ಲಿ ವಿವರಿಸಿದೆ. "ತಪ್ಪು ನಿಂದ, ನಂದಲ್ಲ" ಎಂಬ ಮಾತಿನಿಂದ "ನಿನ್ನ ಪಾಲೆಷ್ಟು, ನನ್ನ ಪಾಲೆಷ್ಟು" ಎಂಬ ಮಾತಿಗೆ ಬರಲು ಕಾನೂನಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ನಿಲ್ಲು, ಹೆಸರು ಹೇಳು

ಮೋಟಾರು ಬಂದ ಮೇಲೆ ಹೊಸ ತೊಂದರೆಯೊಂದು ಹುಟ್ಟಿತು. ಬಂಡಿಯವನು ಯಾರೆಂದು ಊರಿಗೆಲ್ಲ ಗೊತ್ತಿರುತ್ತಿತ್ತು. ಕಾರಿನವನು ಕ್ಷಣದಲ್ಲಿ ಕಣ್ಮರೆಯಾಗಬಲ್ಲವನಾಗಿದ್ದ. ಬ್ರಿಟನ್ನಿನ 1903ರ ಕಾನೂನು ಎರಡು ಉಪಾಯ ಮಾಡಿತು. ಪ್ರತಿ ಕಾರಿಗೂ ನೋಂದಣಿ ಸಂಖ್ಯೆ ಇರಬೇಕು. ಅಪಘಾತವಾದರೆ ಚಾಲಕನು ನಿಂತು, ಕೇಳಿದವರಿಗೆ ಹೆಸರು ವಿಳಾಸ ಕೊಡಬೇಕು.

ಇಡೀ ಭಾರತಕ್ಕೆ ಅನ್ವಯಿಸುವ ಮೋಟಾರು ವಾಹನ ಕಾನೂನು ಮೊದಲು ಬಂದದ್ದು 1914ರಲ್ಲಿ. ದೇವಣಗಾಂವ ಆಗ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಯಲ್ಲಿತ್ತು. ನಂತರ 1939ರ ಕಾನೂನು, ಅದರ ಬದಲಿಗೆ 1989ರ ಜುಲೈ 1ರಿಂದ ಜಾರಿಯಾದ 1988ರ ಕಾನೂನು ಬಂದವು. ಈ ಕೊನೆಯ ಕಾನೂನಿನ 132ನೆಯ ಕಲಮು ಓದಿ ನೋಡಿ. ಅಪಘಾತದಿಂದ ನಷ್ಟವಾದವನು ತನ್ನ ಹೆಸರು ವಿಳಾಸ ಕೊಟ್ಟು ಕೇಳಿದರೆ, ಚಾಲಕನು ತನ್ನ ಮತ್ತು ವಾಹನದ ಮಾಲೀಕನ ಹೆಸರು ವಿಳಾಸ ಕೊಡಲೇಬೇಕು. ಇದೊಂದು ಕೊಡು-ಕೊಳ್ಳುವ ಮರ್ಯಾದೆ. ಪ್ರಾಣಿಗಳಿಗಾಗುವ ಅಪಘಾತವನ್ನೂ ಈ ಕಲಮು ಮರೆತಿಲ್ಲ; ಕುದುರೆ, ದನ, ಕತ್ತೆ, ಕುರಿ, ಆಡುಗಳ ಜೊತೆಗೆ ಆನೆ, ಒಂಟೆಗಳ ಹೆಸರೂ ಅಲ್ಲಿದೆ.

134ನೆಯ ಕಲಮಿನ ಪ್ರಕಾರ ಮೂರನೆಯವರ ಆಸ್ತಿಗೆ ಹಾನಿಯಾದರೆ, ಪೊಲೀಸರು ಸ್ಥಳದಲ್ಲಿಲ್ಲದಾಗ ಹತ್ತಿರದ ಠಾಣೆಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ವರದಿ ಮಾಡಬೇಕು. 1994ರ ತಿದ್ದುಪಡಿಯಿಂದ ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಬೇಕಾಯಿತು. ಗಾಯಾಳುವಿಗೆ ನೆರವಾಗುವ ಕರ್ತವ್ಯವನ್ನು ಹೇಳುವಾಗ ಇದೇ ಕಲಮು, ಉದ್ರಿಕ್ತ ಜನಸಮೂಹದಿಂದಾಗಿ ಅದು ಸಾಧ್ಯವಾಗದ ಸಂದರ್ಭವನ್ನೂ ಹೆಸರಿಸಿದೆ. ಸುತ್ತ ಸೇರುವ ಗುಂಪು ಎಂಥದೆಂಬುದು ಕಾನೂನು ಬರೆದವರಿಗೂ ಗೊತ್ತಿತ್ತು!

ಇಲ್ಲಿಯೇ ಈ ಪಾಠದ ತಿರುಳಿದೆ. ನಿಲ್ಲುವುದು, ಹೆಸರು ಹೇಳುವುದು, ವರದಿ ಮಾಡುವುದು ತಪ್ಪೊಪ್ಪಿಗೆಯಲ್ಲ. "ನೀವು ಯಾರು?" ಎಂಬ ಪ್ರಶ್ನೆಗೆ ತಕ್ಷಣವೇ ಉತ್ತರ ಕೊಡಬೇಕು, "ತಪ್ಪು ಯಾರದು?" ಎಂಬ ಪ್ರಶ್ನೆ ಸಾವಕಾಶವಾಗಿ ಕಾಯಬಹುದು. ರಸ್ತೆಯ ಜಗಳಗಳೆಲ್ಲ ಹುಟ್ಟುವುದು ಈ ಎರಡನ್ನೂ ಒಂದೇ ಮಾಡಿಕೊಂಡಾಗ.

ನಷ್ಟ ತುಂಬುವವರು ಯಾರು?

1939ರ ಕಾನೂನಿನ ವಿಮೆಯ ಅಧ್ಯಾಯವು 1946ರ ಜುಲೈ 1ರಂದು ಜಾರಿಗೆ ಬಂತು. ಆಗ ಕಡ್ಡಾಯ ವಿಮೆ ಇದ್ದದ್ದು ಸಾವು ಮತ್ತು ಗಾಯಗಳಿಗೆ ಮಾತ್ರ. ಒಡೆದ ದೀಪ, ಬಗ್ಗಿದ ತಗಡಿಗೆ ಅದರಲ್ಲಿ ಜಾಗವಿರಲಿಲ್ಲ. ಬೇರೆಯವರ ಆಸ್ತಿಯ ಹಾನಿಯನ್ನು ಸೇರಿಸಿದ್ದು 1969ರ ತಿದ್ದುಪಡಿ. ಅದರ ಮಿತಿ 2,000 ರೂಪಾಯಿ. 1988ರ ಕಾನೂನು ಬಂದಾಗ ಈ ಮಿತಿ 6,000 ರೂಪಾಯಿಯಾಯಿತು.

ವಿಮೆಯಿದ್ದರೂ ಸಣ್ಣ ನಷ್ಟಕ್ಕೆ ಜನ ಕೈಯಿಂದಲೇ ಹಣ ಕೊಡುವುದೇಕೆ? ವರ್ಷವಿಡೀ ಪರಿಹಾರ ಕೇಳದ ವಾಹನಕ್ಕೆ ಸ್ವಂತ ಹಾನಿಯ ಕಂತಿನಲ್ಲಿ ಮರುವರ್ಷ ಶೇಕಡಾ 20 ರಿಯಾಯಿತಿ ಸಿಗುತ್ತದೆ; ಐದು ವರ್ಷಕ್ಕೆ ಅದು ಶೇಕಡಾ 50ರವರೆಗೆ ಏರುತ್ತದೆ. ತನ್ನ ಬಂಪರಿಗಾಗಿ ಹಣ ಕೇಳಿದರೆ ಆ ರಿಯಾಯಿತಿ ಹೋಗುತ್ತದೆ. ಆದರೆ ವಿಮೆಯಿಂದಲೇ ಹಣ ಪಡೆಯುವ ಯೋಚನೆಯಿದ್ದರೆ ಕಂಪನಿಗೆ ತಿಳಿಸದೆ "ತಪ್ಪೆಲ್ಲ ನಂದೇ" ಎಂದು ಬರೆದುಕೊಡಬಾರದು; ಪಾಲಿಸಿಯ ಷರತ್ತುಗಳು ಅದಕ್ಕೆ ಒಪ್ಪುವುದಿಲ್ಲ.

ಕಂಡದ್ದೆಲ್ಲ ನೆನಪಿರುವುದೇ?

"ನಾ ಕಣ್ಣಾರ ನೋಡೀನಿ" ಎನ್ನುವವರು ಇಂಥ ಕಡೆ ಬಹಳ. ಅವರು ಸುಳ್ಳು ಹೇಳುತ್ತಿದ್ದಾರೆಂದಲ್ಲ. ಅಮೆರಿಕದಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಲಾಯಿತು. ಕೆಲವರನ್ನು ಕಾರುಗಳು "ತಾಗಿದಾಗ" ವೇಗವೆಷ್ಟಿತ್ತೆಂದೂ, ಕೆಲವರನ್ನು "ಅಪ್ಪಳಿಸಿದಾಗ" ಎಷ್ಟಿತ್ತೆಂದೂ ಕೇಳಿದರು. ಒಂದು ವಾರದ ನಂತರ, ಒಡೆದ ಗಾಜು ನೋಡಿದಿರಾ ಎಂಬ ಪ್ರಶ್ನೆ ಬಂತು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಆದರೂ "ಅಪ್ಪಳಿಸಿದಾಗ" ಎಂಬ ಮಾತು ಕೇಳಿದ 50 ಜನರಲ್ಲಿ 16 ಮಂದಿ ನೋಡಿದೆವೆಂದರು. ಮೃದುವಾದ ಮಾತು ಕೇಳಿದ 50 ಜನರಲ್ಲಿ ಹಾಗೆಂದವರು 7 ಮಂದಿ. ಕೇಳುವ ಒಂದು ಪದವೇ ನೆನಪನ್ನು ತಿದ್ದಬಲ್ಲದು. ಇನ್ನು ಕೂಗಾಟ ಎಷ್ಟು ತಿದ್ದೀತು!

ಮತ್ತೆ ದೇವಣಗಾಂವಕ್ಕೆ

ಈಗ ಚಹಾದಂಗಡಿಯ ಮುಂದೆ ಮರಳಿ ನಿಲ್ಲೋಣ. ಮೊದಲು ಯಾರಿಗಾದರೂ ಗಾಯವಾಗಿದೆಯೇ ಎಂದು ನೋಡಬೇಕು. ವಾಹನಗಳನ್ನು ಸರಿಸುವ ಮುನ್ನ ಅವು ನಿಂತ ಬಗೆ, ತಿರುಗಿದ ಗಾಲಿ, ದೀಪದ ಚೂರು ಬಿದ್ದ ಜಾಗ, ಎರಡೂ ನಂಬರ್ ಪ್ಲೇಟುಗಳ ಫೋಟೋ ತೆಗೆಯಬೇಕು. ಗಾಜಿನ ಚೂರಿಗೆ ಪಕ್ಷವಿಲ್ಲ. ಆಮೇಲೆ ವಾಹನ ಬದಿಗೆ ಸರಿಸಿ ಹೆಸರು, ವಿಳಾಸ, ವಿಮೆಯ ವಿವರ ಬರೆದುಕೊಳ್ಳಬೇಕು. ಕಂಡವರಿದ್ದರೆ ಗುಂಪಿನ ನಡುವೆ ಬೇಡ, ಒಬ್ಬೊಬ್ಬರನ್ನೇ ಸಮಾಧಾನದಿಂದ ಕೇಳಬೇಕು. ಕೀಲಿಕೈ ಕಸಿದುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಉದ್ದೇಶವಿಲ್ಲದೆ ಬಂಪರು ತಗ್ಗಾದರೆ ಅದು ಹಣದ ವ್ಯವಹಾರ. ಕೈ ಮಾಡಿದರೆ ಅದು ಅಪರಾಧ.

ಬಳಿಕ ಇಬ್ಬರೂ ಒಪ್ಪಿದರೆ ದೀಪದ ಖರ್ಚನ್ನು ಹಂಚಿಕೊಂಡು ಚೀಟಿ ಬರೆದು ಮುಗಿಸಬಹುದು. ನಮ್ಮ ಕಡೆ ಊರಿನ ದೈವ ಕಟ್ಟೆಯ ಮೇಲೆ ಕುಳಿತು ಹೇಳುವ ಬುದ್ಧಿಮಾತಿಗೆ ಈಗಲೂ ಬೆಲೆಯಿದೆ, ಅದು ಒತ್ತಾಯವಾಗದಿದ್ದರೆ. ಒಪ್ಪದಿದ್ದರೆ ವಿಮೆ ಇದೆ, ಠಾಣೆ ಇದೆ, ನ್ಯಾಯಾಲಯವಿದೆ. 1987ರ ಕಾನೂನು 1995ರ ನವೆಂಬರ್ 9ರಂದು ಜಾರಿಯಾದ ಮೇಲೆ ಲೋಕ ಅದಾಲತ್ತುಗಳಿಗೂ ಕಾನೂನಿನ ಬಲ ಬಂದಿದೆ. ಅಲ್ಲಿ ರಾಜಿಯಾದರೆ ಅದು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ.

ವಿದ್ಯಾರ್ಥಿಗಳೇ, ನಾಳೆ ನೀವೂ ವಾಹನ ನಡೆಸುವಿರಿ. ಅದಕ್ಕೂ ಮೊದಲು ಇಂಥ ಗುಂಪಿನಲ್ಲಿ ನಿಲ್ಲುವಿರಿ. ಆಗ ಕೂಗುವವರ ಜೊತೆ ನೀವೂ ಕೂಗಬೇಡಿ. "ಮೊದಲ ಫೋಟೋ ತೆಗೀರಿ, ಹೆಸರು ಬರ್ಕೋರಿ, ಆಮ್ಯಾಲ ಮಾತಾಡೋಣ" ಎಂದು ಹೇಳುವವರು ಒಬ್ಬರಿದ್ದರೆ ಸಾಕು. ಟಂಟಂನ ತಮ್ಮನಿಗೆ ದೀಪ ಸಿಗುತ್ತದೆ, ಕಾಕಾನ ಮಾನ ಉಳಿಯುತ್ತದೆ.

ಚರ್ಚೆಗೆ

1. ಹಿಂದಕ್ಕೆ ಸರಿದ ಬಂಡಿಗೆ ಅಂದು ವಿನಾಯಿತಿ ಇತ್ತು; ಕಾರಿಗೆ ಇಂದು ಏಕಿಲ್ಲ?

2. 1809ರ ತೀರ್ಪಿಗೂ 1945ರ ಕಾನೂನಿಗೂ ಇರುವ ವ್ಯತ್ಯಾಸವನ್ನು ನಿಮ್ಮ ಊರಿನ ಒಂದು ಉದಾಹರಣೆಯಿಂದ ವಿವರಿಸಿ.

3. ಟಂಟಂ ನಿಲ್ಲಬಾರದ ಜಾಗದಲ್ಲಿ ನಿಂತಿದ್ದರೆ ನಿಮ್ಮ ತೀರ್ಮಾನ ಬದಲಾಗುವುದೇ?